ಲಿನಕ್ಸ್‌ನಲ್ಲಿ ವಿಡಿಯೋ ಎಡಿಟಿಂಗ್: ಮೊದಲು ಫುಟೇಜ್, ಆಮೇಲೆ ಸಾಫ್ಟ್‌ವೇರ್

ಎಲ್ಲರಿಗೂ ನಮಸ್ಕಾರ.

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಎಡಿಟಿಂಗ್ ಮಾಡಬಹುದಾ ಅಂತ ಕೇಳುವವರು ಸಾಮಾನ್ಯವಾಗಿ ಯಾವುದೋ ಒಂದು ಸಾಫ್ಟ್‌ವೇರ್ ಮನಸ್ಸಿನಲ್ಲಿಟ್ಟುಕೊಂಡು ಬಂದಿರುತ್ತಾರೆ. ಅದು ಇನ್‌ಸ್ಟಾಲ್ ಆಗುತ್ತದಾ, ತೆರೆಯುತ್ತದಾ, ಅಷ್ಟೇ ಅವರ ಪ್ರಶ್ನೆ. ನಾನೂ ಶುರುವಿನಲ್ಲಿ ಅದನ್ನೇ ಕೇಳುತ್ತಿದ್ದೆ. ಆದರೆ ತೆರೆಯುವುದು ಒಂದು ದಿನದ ಗೋಳು. ನಿಮ್ಮ ಕ್ಯಾಮೆರಾದ ಫುಟೇಜ್ ಅದರೊಳಗೆ ಸರಿಯಾಗಿ ಬರುತ್ತದಾ, ಕೆಲಸ ಮುಗಿಯುವ ತನಕ ಮಷೀನು ಕೈಕೊಡದೆ ನಿಲ್ಲುತ್ತದಾ ಎಂಬುದು ದಿನಾ ಎದುರಾಗುವ ವಿಷಯ. ಇವತ್ತು ಜಾಸ್ತಿ ಹೊತ್ತು ಅದನ್ನೇ ಮಾತಾಡುತ್ತೇನೆ.

ಲಿನಕ್ಸ್ ಹವ್ಯಾಸಿಗಳಿಗೆ ಮಾತ್ರ ಅಂತ ತಿಳಿದವರು ಬಹಳ ಜನ ಇದ್ದಾರೆ. ಅದು ಸರಿಯಲ್ಲ. ಎಡಿಟಿಂಗ್, ಕಲರ್ ಎರಡಕ್ಕೂ ಬಳಸುವ ಡಾವಿಂಚಿ ರಿಸಾಲ್ವ್ ಎಂಬ ಸಾಫ್ಟ್‌ವೇರ್ ಮೊದಲು ಓಡಿದ್ದೇ ಲಿನಕ್ಸ್ ಮೇಲೆ. ಸಿನಿಮಾಗಳಿಗೆ ಕಲರ್ ಮಾಡುವ, ಅಂದರೆ ಬಣ್ಣ ತಿದ್ದುವ, ಸ್ಟುಡಿಯೋಗಳು ಅದನ್ನು ಹಾರ್ಡ್‌ವೇರ್ ಸಮೇತ ಕೊಳ್ಳುತ್ತಿದ್ದವು. 2009ರಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಅದನ್ನು ಮಾಡುತ್ತಿದ್ದ ಕಂಪನಿಯನ್ನು ಕೊಂಡಿತು. ಮ್ಯಾಕ್, ವಿಂಡೋಸ್ ಆವೃತ್ತಿಗಳು ಬಂದದ್ದು ಅದಾದ ಮೇಲೆ. ಎಫೆಕ್ಟ್ಸ್ ಮಾಡುವ ಆಟೋಡೆಸ್ಕ್ ಫ್ಲೇಮ್ ಸಿಲಿಕಾನ್ ಗ್ರಾಫಿಕ್ಸ್ ಮಷೀನುಗಳಲ್ಲಿ ಹುಟ್ಟಿ, ಆಮೇಲೆ ಲಿನಕ್ಸ್‌ಗೆ ಬಂತು. ಈಗಲೂ ಅದರ ಮೇಲೆ ಓಡುತ್ತದೆ. ಎಫೆಕ್ಟ್ಸ್, ಅನಿಮೇಷನ್‌ಗೆ ಬಳಸುವ ನ್ಯೂಕ್, ಹೂಡಿನಿ, ಮಾಯಾ ಕೂಡ ಲಿನಕ್ಸ್‌ನಲ್ಲಿವೆ.

ಆದರೆ ಆ ಸ್ಟುಡಿಯೋಗಳು ಕೆಲಸ ಮಾಡುವ ರೀತಿ ಗಮನಿಸಿ. ಒಂದೇ ಡಿಸ್ಟ್ರೋ (ಲಿನಕ್ಸ್‌ನ ಒಂದು ರೂಪ), ಗೊತ್ತಿರುವ ಗ್ರಾಫಿಕ್ಸ್ ಕಾರ್ಡು, ಆ ಕಾರ್ಡನ್ನು ಓಡಿಸುವ, ಪರೀಕ್ಷೆ ಮಾಡಿದ ಡ್ರೈವರ್. ಸುಮ್ನೆ ಯಾರೂ ಅಪ್‌ಡೇಟ್ ಒತ್ತುವುದಿಲ್ಲ. ರಿಸಾಲ್ವ್‌ಗೆ ಕಂಪನಿ ಹೆಸರಿಸಿದ್ದು ಮೊದಲು ಸೆಂಟ್‌ಒಎಸ್, ಆಮೇಲೆ ರಾಕಿ ಲಿನಕ್ಸ್ 8.6. ನಾವು ಮಾತ್ರ ಹೋದ ತಿಂಗಳು ಬಂದ ಹೊಸ ಡಿಸ್ಟ್ರೋ ಹಾಕಿಕೊಂಡು, ಯಾಕೆ ತೆರೆಯುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತೇವೆ.

ಆ ತೆರೆಯದ ಕಥೆಯನ್ನು ಒಮ್ಮೆ ಹತ್ತಿರದಿಂದ ನೋಡೋಣ. ಇನ್‌ಸ್ಟಾಲ್ ಚೆನ್ನಾಗೇ ಆಗುತ್ತದೆ. ಐಕಾನ್ ಒತ್ತುತ್ತೀರಿ. ಏನೂ ಆಗುವುದಿಲ್ಲ. ಮತ್ತೆ ಒತ್ತುತ್ತೀರಿ, ಮತ್ತೆ ಏನೂ ಇಲ್ಲ. ಆಗ ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ತೆರೆದು ಅಲ್ಲಿಂದ ಓಡಿಸಿ ನೋಡಿ. ಯಾವುದೋ ಸಿಂಬಲ್ (ಲೈಬ್ರರಿಯಲ್ಲಿ ಇರಬೇಕಾದ ಹೆಸರು) ಸಿಗಲಿಲ್ಲ ಎಂದು ಹೇಳುವ ಒಂದೇ ಒಂದು ಸಾಲು ಬಂದು ನಿಲ್ಲುತ್ತದೆ. ರಿಸಾಲ್ವ್ ತನ್ನ ಜೊತೆ ಜಿಲಿಬ್ ಎಂಬ ಲೈಬ್ರರಿಯ, ಅಂದರೆ ಬೇರೆ ಬೇರೆ ಸಾಫ್ಟ್‌ವೇರ್ ಹಂಚಿಕೊಂಡು ಬಳಸುವ ಕೋಡಿನ, ಹಳೆಯ ಪ್ರತಿಯನ್ನು ತಂದಿರುತ್ತದೆ. ಹೊಸ ಸಿಸ್ಟಮ್ಮಿನ ಉಳಿದ ಲೈಬ್ರರಿಗಳಿಗೆ ಹೊಸ ಜಿಲಿಬ್ ಬೇಕು. ಎರಡಕ್ಕೂ ಹೊಂದುವುದಿಲ್ಲ. ರಿಸಾಲ್ವ್‌ನ ಲಿಬ್ಸ್ ಫೋಲ್ಡರಿನಲ್ಲಿರುವ ಆ ಹಳೆಯ ಫೈಲುಗಳನ್ನು ಬೇರೆ ಫೋಲ್ಡರಿಗೆ ಸರಿಸಿಟ್ಟರೆ, ಅದು ಸಿಸ್ಟಮ್ಮಿನಲ್ಲಿರುವ ಹೊಸದನ್ನೇ ಹಿಡಿದುಕೊಂಡು ತೆರೆದುಕೊಳ್ಳುತ್ತದೆ. ಅಳಿಸಬೇಡಿ, ಸರಿಸಿಡಿ. ನಾಳೆ ವಾಪಸ್ ಬೇಕಾಗಬಹುದು. ಇದು ಬೇಡ ಅನ್ನುವವರು ರಾಕಿ ಲಿನಕ್ಸ್‌ನ ಒಂದು ಕಂಟೈನರ್ (ಸಿಸ್ಟಮ್ಮಿನೊಳಗೇ ಬೇರೆಯಾಗಿಟ್ಟ ಪೆಟ್ಟಿಗೆ) ಮಾಡಿಕೊಂಡು ಅದರೊಳಗೆ ಓಡಿಸುತ್ತಾರೆ. ಅದೂ ಒಳ್ಳೆಯ ದಾರಿ.

ಇನ್ನು ಗ್ರಾಫಿಕ್ಸ್ ಕಾರ್ಡಿನ ವಿಷಯ. ಎನ್‌ವಿಡಿಯಾ ಇದ್ದರೆ ಕಂಪನಿಯದೇ ಡ್ರೈವರ್ ಬೇಕು. ನೂವೋ ಎಂಬ ಮುಕ್ತ ಡ್ರೈವರಿನಲ್ಲಿ ಪರದೆ ಬರುತ್ತದೆ, ಆದರೆ ಕಾರ್ಡಿನಿಂದ ಲೆಕ್ಕದ ಕೆಲಸ ಮಾಡಿಸುವ ‘ಕೂಡಾ’ (CUDA) ಇರುವುದಿಲ್ಲ. ಕೂಡಾ ಇಲ್ಲದೆ ರಿಸಾಲ್ವ್‌ಗೆ ಆ ಕಾರ್ಡು ಇದ್ದೂ ಇಲ್ಲದ ಹಾಗೆ. ಎಎಂಡಿ ಕಾರ್ಡಿನಲ್ಲೂ ಓಡಿಸಬಹುದು, ಕೈಕೆಲಸ ಜಾಸ್ತಿ.

ಈಗ ಫುಟೇಜ್‌ಗೆ ಬರೋಣ. ಬಹಳ ಜನ ಸೋತು ವಾಪಸ್ ಹೋಗುವುದು ಇಲ್ಲೇ. ರಿಸಾಲ್ವ್ ತೆರೆಯಿತು, ಖುಷಿಯಾಯಿತು, ಕ್ಯಾಮೆರಾದ ಕ್ಲಿಪ್ ಎಳೆದು ಟೈಮ್‌ಲೈನ್ ಮೇಲೆ ಹಾಕಿದಿರಿ. ಸದ್ದು ಇಲ್ಲ, ಚಿತ್ರವೂ ಇಲ್ಲ. ಲಿನಕ್ಸ್‌ಗಿರುವ ರಿಸಾಲ್ವ್‌ನ ಉಚಿತ ಆವೃತ್ತಿ ಎಚ್.264, ಎಚ್.265 ಎಂಬ ವಿಡಿಯೋ ಕುಗ್ಗಿಸುವ ಫಾರ್ಮ್ಯಾಟ್ ಎರಡನ್ನೂ ಓದುವುದಿಲ್ಲ. ನಮ್ಮ ಫೋನು, ಕ್ಯಾಮೆರಾ ಎಲ್ಲ ಬರೆಯುವುದು ಅದನ್ನೇ, ಅಲ್ವಾ? ದುಡ್ಡು ಕೊಟ್ಟು ಸ್ಟುಡಿಯೋ ಆವೃತ್ತಿ ತಗೊಂಡರೆ ಚಿತ್ರ ಬರುತ್ತದೆ. ಆದರೆ ಬಹಳ ವರ್ಷ ಅದರಲ್ಲೂ ಎಎಸಿ ಎಂಬ ಫಾರ್ಮ್ಯಾಟಿನ ಸದ್ದು ಬರುತ್ತಿರಲಿಲ್ಲ. ಸದ್ದನ್ನು ಬೇರೆ ಮಾಡಿಕೊಂಡೇ ಕೆಲಸ ಮಾಡಬೇಕಿತ್ತು.

ಪರಿಹಾರ ಇದೆ: ಎಡಿಟಿಂಗ್‌ಗೆ ಕೂರುವ ಮೊದಲೇ ಎಲ್ಲ ಕ್ಲಿಪ್ಪುಗಳನ್ನೂ ಫಾರ್ಮ್ಯಾಟ್ ಬದಲಿಸುವ ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಬದಲಿಸಿಕೊಳ್ಳುವುದು. ಚಿತ್ರಕ್ಕೆ ಎಡಿಟಿಂಗ್‌ಗೆಂದೇ ಮಾಡಿದ ಡಿಎನ್‌ಎಕ್ಸ್‌ಎಚ್‌ಆರ್ ಫಾರ್ಮ್ಯಾಟ್, ಸದ್ದಿಗೆ ಕುಗ್ಗಿಸದ ಪಿಸಿಎಂ, ಹೊರಗಿನ ಪೊಟ್ಟಣ ಎಂಓವಿ. ಒಂದು ಸಾಲಿನ ಕಮಾಂಡ್. ಇಡೀ ಫೋಲ್ಡರಿಗೆ ಬೇಕೆಂದರೆ ಒಂದೊಂದೇ ಫೈಲಿಗೆ ಅದನ್ನೇ ಮಾಡುವ ಮೂರು ಸಾಲಿನ ಲೂಪ್. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆ ತಯಾರಿರುತ್ತದೆ.

ಇದನ್ನು ಬರೀ ಲಿನಕ್ಸ್‌ನ ಪಾಡು ಅಂದುಕೊಳ್ಳಬೇಡಿ. ಎಚ್.264ರಲ್ಲಿ ಸಾಮಾನ್ಯವಾಗಿ ಪ್ರತಿ ಫ್ರೇಮೂ ಪೂರ್ತಿ ಇರುವುದಿಲ್ಲ. ಆಗೊಂದು ಈಗೊಂದು ಪೂರ್ತಿ ಫ್ರೇಮ್. ನಡುವಿನವು ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಗಿದೆ ಎಂಬ ಲೆಕ್ಕ ಮಾತ್ರ. ನೀವು ನಡುವಿನ ಫ್ರೇಮಿಗೆ ಹಾರಿದಾಗಲೆಲ್ಲ ಮಷೀನು ಹಿಂದೆ ಹೋಗಿ ಆ ಲೆಕ್ಕ ಕೂಡಿಸಿಕೊಂಡು ಬರಬೇಕು. ನೋಡುವುದಕ್ಕೆ ಮಾಡಿದ ಫಾರ್ಮ್ಯಾಟ್ ಅದು, ಕತ್ತರಿಸುವುದಕ್ಕಲ್ಲ. ಡಿಎನ್‌ಎಕ್ಸ್‌ಎಚ್‌ಆರ್‌ನಲ್ಲಿ ಪ್ರತಿ ಫ್ರೇಮೂ ತಾನೇ ಪೂರ್ತಿ. ಟೈಮ್‌ಲೈನ್ ಮೇಲೆ ಹಿಂದೆ ಮುಂದೆ ಎಳೆದರೆ ಬೆಣ್ಣೆಯ ಹಾಗೆ ಓಡುತ್ತದೆ.

ಇದಕ್ಕೆ ಬೆಲೆ ತೆರುವುದು ಡಿಸ್ಕ್ ಜಾಗದಲ್ಲಿ. ಸೆಕೆಂಡಿಗೆ 25 ಮೆಗಾಬಿಟ್‌ನ ಒಂದು ಗಂಟೆ ಕ್ಯಾಮೆರಾ ಫುಟೇಜ್ ಸುಮಾರು 11 ಜಿಬಿ. ಅದೇ ಫುಲ್ ಎಚ್‌ಡಿ, 25 ಫ್ರೇಮ್, ಎಚ್‌ಕ್ಯೂ ದರ್ಜೆಯ ಡಿಎನ್‌ಎಕ್ಸ್‌ಎಚ್‌ಆರ್ ಆದಾಗ 80 ಜಿಬಿ ದಾಟುತ್ತದೆ. 4ಕೆ ಆದರೆ ಅದರ ನಾಲ್ಕು ಪಟ್ಟು. ಹಾಗಾಗಿ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿಯುವ ಮೊದಲು ಡಿಸ್ಕ್ ಲೆಕ್ಕ ಹಾಕಿ. ಮೂಲ ಕ್ಲಿಪ್ಪುಗಳನ್ನು ಮಾತ್ರ ಜೋಪಾನ ಮಾಡಿ, ಬದಲಿಸಿದವನ್ನು ಕೆಲಸ ಮುಗಿದ ಮೇಲೆ ಅಳಿಸಿ. ಬೇಕಾದಾಗ ಮತ್ತೆ ಮಾಡಿಕೊಳ್ಳಬಹುದು.

ಇಷ್ಟೆಲ್ಲ ಯಾಕೆ ಅನ್ನುವವರಿಗೆ ಕೆಡೆನ್‌ಲೈವ್ ಎಂಬ ಉಚಿತ ಎಡಿಟರ್ ಇದೆ. ಒಳಗೆ ಎಂಎಲ್‌ಟಿ ಎಂಬ ಎಂಜಿನ್, ಅದರ ಒಳಗೆ ಎಫ್‌ಎಫ್‌ಎಂಪೆಗ್. ಹಾಗಾಗಿ ಹೆಚ್ಚುಕಡಿಮೆ ಕೊಟ್ಟದ್ದನ್ನೆಲ್ಲ ತೆರೆಯುತ್ತದೆ. ಪ್ರಾಕ್ಸಿ (ಎಡಿಟಿಂಗ್ ಹೊತ್ತಿಗೆ ಬಳಸುವ ಹಗುರ ಪ್ರತಿ) ಆನ್ ಮಾಡಿದರೆ ಸಣ್ಣ ಮಷೀನಿನಲ್ಲೂ ಆರಾಮಾಗಿ ಕತ್ತರಿಸಬಹುದು. ಮಾತು, ಸಂದರ್ಶನ, ಪಾಠದ ವಿಡಿಯೋಗೆ ನಾನು ಅದನ್ನೇ ಬಳಸುತ್ತೇನೆ, ಏನೂ ಕಡಿಮೆ ಅನ್ನಿಸಿಲ್ಲ. ಕಲರ್ ಗಂಭೀರವಾಗಿ ಮಾಡಬೇಕೆಂದರೆ ಮಾತ್ರ ರಿಸಾಲ್ವ್‌ಗೆ ಸಾಟಿ ಕಂಡಿಲ್ಲ. ಪ್ರೀಮಿಯರ್ ಪ್ರೋ, ಫೈನಲ್ ಕಟ್ ಎರಡಕ್ಕೂ ಲಿನಕ್ಸ್ ಆವೃತ್ತಿ ಇಲ್ಲ. ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್‌ನಲ್ಲಿ ಪ್ರೀಮಿಯರ್ ಓಡಿಸಲು ಹೊರಟವರನ್ನು ನೋಡಿದ್ದೇನೆ. ಹೊಟ್ಟೆಪಾಡಿನ ಕೆಲಸವನ್ನು ಅದರ ಮೇಲೆ ನಿಲ್ಲಿಸಬೇಡಿ.

ಕೊನೆಯದಾಗಿ, ನನಗೇ ಆದದ್ದು. ಮರುದಿನ ಒಂದು ಕೆಲಸ ಕೊಡಬೇಕಿತ್ತು. ರಾತ್ರಿ ರೆಂಡರ್ (ಕೊನೆಯ ವಿಡಿಯೋ ಫೈಲ್ ಮಾಡುವುದು) ಹಚ್ಚುವ ಮೊದಲು ಸಿಸ್ಟಮ್ ಅಪ್‌ಡೇಟ್ ಕೇಳಿತು, ಹೂಂ ಅಂದೆ. ಸಿಸ್ಟಮ್ಮಿನ ತಿರುಳಾದ ಕರ್ನಲ್ ಹೊಸದು ಬಂತು. ಅದಕ್ಕೆ ಹೊಂದುವ ಗ್ರಾಫಿಕ್ಸ್ ಡ್ರೈವರಿನ ಭಾಗ (ಮಾಡ್ಯೂಲ್) ತಯಾರಾಗಲಿಲ್ಲ. ರೀಸ್ಟಾರ್ಟ್ ಆದ ಮೇಲೆ ರಿಸಾಲ್ವ್‌ಗೆ ಕಾರ್ಡೇ ಕಾಣಲಿಲ್ಲ. ಬೂಟ್ ಮೆನುವಿನಲ್ಲಿ ಹಳೆಯ ಕರ್ನಲ್ ಇರುತ್ತದೆ, ಅದನ್ನು ಆರಿಸಿಕೊಂಡರೆ ಸಾಕು ಅಂತ ತಿಳಿಯುವಷ್ಟರಲ್ಲಿ ಬೆಳಗಿನ ಜಾವ ನಾಲ್ಕಾಗಿತ್ತು. ಕೆಲಸ ತಡವಾಗಿಯೇ ಹೋಯಿತು. ಅವತ್ತಿನಿಂದ ಕರ್ನಲ್ ಮತ್ತು ಡ್ರೈವರನ್ನು ಅಪ್‌ಡೇಟ್ ಆಗದಂತೆ ಹಿಡಿದಿಟ್ಟಿದ್ದೇನೆ. ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಮಾತ್ರ ಬಿಚ್ಚುತ್ತೇನೆ. ಅದಕ್ಕೂ ಮೊದಲು ಸಿಸ್ಟಮ್ಮಿನ ಸ್ನ್ಯಾಪ್‌ಶಾಟ್ (ಆಗ ಇದ್ದ ಸ್ಥಿತಿಯ ಪ್ರತಿ) ತೆಗೆದಿಡುತ್ತೇನೆ.

ಮಷೀನು ಇಲ್ಲೇ ತಂದಿದ್ದೇನೆ. ನಿಮ್ಮ ಫೋನಿನಲ್ಲೋ ಪೆನ್ ಡ್ರೈವಿನಲ್ಲೋ ಒಂದು ಕ್ಲಿಪ್ ಇದ್ದರೆ ಮುಂದೆ ಬನ್ನಿ. ಬದಲಿಸಿ, ಟೈಮ್‌ಲೈನ್ ಮೇಲೆ ಹಾಕಿ, ಸದ್ದು ಬರುತ್ತದಾ ಅಂತ ಈಗಲೇ ನೋಡೋಣ.