ಮಂದವಾಗಿದ್ದ ಮಾತ್ರಕ್ಕೆ ಶುದ್ಧವೇ?

ನಮಸ್ಕಾರ. ಮನೆಯಲ್ಲೇ ಇ-ಸಿಗರೇಟಿನ ದ್ರವ ಬೆರೆಸಿಕೊಳ್ಳುವವರು ಕಾರವಾರದಲ್ಲೂ ಇದ್ದಾರೆ, ಘಟ್ಟ ಹತ್ತಿದರೆ ಶಿರಸಿಯಲ್ಲೂ ಇದ್ದಾರೆ. ದ್ರವ ತೆಳುವಾಯಿತು, ಮಂದ ಮಾಡಲು ಏನು ಹಾಕಬೇಕು ಎಂದು ಅವರು ಕೇಳುತ್ತಾರೆ. ಏನನ್ನೂ ಹಾಕಬಾರದು ಎಂಬುದು ನನ್ನ ಉತ್ತರ.

ಆಲೆಮನೆಯಲ್ಲಿ ಜೋನಿಬೆಲ್ಲದ ಪಾಕ ಎತ್ತಿ ಹದ ನೋಡಿ ಬೆಳೆದವರಿಗೆ ಮಂದವಾದದ್ದೇ ಒಳ್ಳೆಯ ಸರಕು ಎನಿಸುವುದು ಸಹಜ. ಇಲ್ಲಿ ಆ ಲೆಕ್ಕ ನಡೆಯದು. ಈ ದ್ರವದ ಹದ ನಿಂತಿರುವುದು ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್‌ಗಳ ಪ್ರಮಾಣದ ಮೇಲೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ಗ್ಲಿಸರಿನ್ನಿನ ಸ್ನಿಗ್ಧತೆ, ಅಂದರೆ ಮಂದತನ, ನೀರಿನದಕ್ಕಿಂತ 1,000 ಪಟ್ಟಿಗೂ ಹೆಚ್ಚು; ಗ್ಲೈಕಾಲ್‌ನದು ಸುಮಾರು 50 ಪಟ್ಟು. ಗ್ಲಿಸರಿನ್ ಪಾಲು ಅತಿಯಾದರೆ ದ್ರವ ಇ-ಸಿಗರೇಟಿನೊಳಗಿನ ಹತ್ತಿಗೆ ಇಳಿಯದೆ, ಒಣ ಹತ್ತಿಯ ಸುತ್ತಲಿನ ಕಾಯಿಲ್ (ದ್ರವವನ್ನು ಕಾಯಿಸುವ ತಂತಿಸುರುಳಿ) ವಿಪರೀತ ಕಾದು, ಗ್ಲಿಸರಿನ್ ಒಡೆದು ಆಕ್ರೋಲೀನ್ ಎಂಬ ಕಟುವಿಷ ಹುಟ್ಟುತ್ತದೆ. ತೀರ ತೆಳುವಾದರೆ ಸೋರುತ್ತದೆ, ಅಷ್ಟೆ.

ನಿಜವಾದ ಅಪಾಯ ಮೂರನೆಯ ವಸ್ತುವಿನಲ್ಲಿದೆ. 2019ರಲ್ಲಿ ಅಮೆರಿಕದಲ್ಲಿ ವೇಪ್ ಮಾಡುವವರ, ಅಂದರೆ ಇಂಥ ದ್ರವದ ಆವಿ ಎಳೆಯುವವರ, ಶ್ವಾಸಕೋಶ ಏಕಾಏಕಿ ಕೆಡತೊಡಗಿತು. 2020ರ ಫೆಬ್ರವರಿಯ ಹೊತ್ತಿಗೆ 2,807 ಜನ ಆಸ್ಪತ್ರೆ ಸೇರಿದ್ದರು ಅಥವಾ ಸತ್ತಿದ್ದರು, ಸತ್ತವರು 68. ಪರೀಕ್ಷಿಸಿದ 51 ರೋಗಿಗಳ ಪೈಕಿ 48 ಮಂದಿಯ ಶ್ವಾಸಕೋಶದ ದ್ರವದಲ್ಲಿ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆ ಸಿಕ್ಕಿತು. ಅದು ಅಲ್ಲಿಗೆ ಬಂದದ್ದು ಮುಖ್ಯವಾಗಿ ಕಳ್ಳಮಾರುಕಟ್ಟೆಯ ಗಾಂಜಾ ಕಾರ್ಟ್ರಿಜ್‌ಗಳಿಂದ (ವೇಪ್ ಸಾಧನಕ್ಕೆ ಜೋಡಿಸುವ, ದ್ರವ ತುಂಬಿದ ಪುಟ್ಟ ಕೊಳವೆಗಳಿಂದ). ಕೊಳ್ಳುವವರು ಕಾರ್ಟ್ರಿಜ್ ತಲೆಕೆಳಗು ಮಾಡಿ, ಗಾಳಿಗುಳ್ಳೆ ನಿಧಾನವಾಗಿ ಏರಿದರೆ ಸರಕು ಅಪ್ಪಟ ಎಂದು ನಂಬುತ್ತಿದ್ದರು. ಮಾರುವವರು ಆ ನಂಬಿಕೆಗೆ ತಕ್ಕಂತೆ ಈ ಎಣ್ಣೆ ಬೆರೆಸಿ ಗುಳ್ಳೆಯನ್ನು ನಿಧಾನಗೊಳಿಸಿದರು. ನುಂಗಿದರೆ, ಚರ್ಮಕ್ಕೆ ಹಚ್ಚಿದರೆ ಸಾಮಾನ್ಯವಾಗಿ ತೊಂದರೆ ಕೊಡದ ಈ ವಸ್ತು ನಮ್ಮ ಔಷಧದಂಗಡಿಗಳ ಅನೇಕ ವಿಟಮಿನ್ ಇ ಗುಳಿಗೆಗಳಲ್ಲೂ ಇದೆ ಎಂಬುದೇ ನನ್ನ ಭಯಕ್ಕೆ ಕಾರಣ. ತೆಂಗಿನೆಣ್ಣೆಯೂ ಬೇಡ, ಸುವಾಸನೆಯ ಎಣ್ಣೆಗಳೂ ಬೇಡ: ಎಣ್ಣೆ ಉಸಿರಿನೊಡನೆ ಒಳಹೋದರೆ ಒಂದು ಬಗೆಯ ನ್ಯುಮೋನಿಯಾ ತರಬಲ್ಲದು.

ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತು. 2019ರ ಕೇಂದ್ರ ಕಾನೂನು ದೇಶದಾದ್ಯಂತ ತಯಾರಿಕೆ, ಮಾರಾಟ, ದಾಸ್ತಾನುಗಳನ್ನು ಅಪರಾಧವಾಗಿಸಿತು. ನಿಷೇಧವನ್ನು ನಾನು ಒಪ್ಪುತ್ತೇನೆ. ಆದರೆ ಕದ್ದು ಬರುವ ಸೀಸೆಯೊಳಗೆ ಏನಿದೆ ಎಂದು ಪರೀಕ್ಷಿಸುವವರು ಯಾರೂ ಇರುವುದಿಲ್ಲ ಎಂಬುದನ್ನೂ ಒಪ್ಪಲೇಬೇಕು. ಬಿಡುವುದೇ ಲೇಸು ಎಂದು ಹೇಳಿದರೂ ಕೇಳದವರಿಗೆ ಇನ್ನೊಂದು ಮಾತಿದೆ. ಗ್ಲಿಸರಿನ್ ಗಾಳಿಯ ತೇವವನ್ನು ಹೀರುತ್ತದೆ. ಆದ್ದರಿಂದ ನಮ್ಮ ಕರಾವಳಿಯ ಆಷಾಢದಲ್ಲಿ ಮುಚ್ಚಳ ಸಡಿಲವಾದ ಸೀಸೆ ತಾನಾಗಿಯೇ ತೆಳುವಾಗಬಹುದು. ಅಂಥದ್ದನ್ನು ಮಂದ ಮಾಡಲು ಹೋಗಬೇಡಿ. ನಿಕೋಟಿನ್ ಇದ್ದರೆ ಕೈಗೆ ತಾಗದಂತೆ, ಮಕ್ಕಳಿಗೆ ಸಿಗದಂತೆ ವಿಲೇವಾರಿ ಮಾಡಿ.