ಗೇಣಿದಾರನ ಮೊಮ್ಮಗ, ಕೂಲಿಯವನ ಮೊಮ್ಮಗ

ಸಭೆಯಲ್ಲಿರುವ ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

ಅಪ್ಪನ ಸಂಪಾದನೆ ನೋಡಿ ಮಕ್ಕಳ ಸಂಪಾದನೆಯನ್ನು ಎಷ್ಟರ ಮಟ್ಟಿಗೆ ಹೇಳಬಹುದು ಎಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕುತ್ತಾರೆ. ಆ ಊಹೆ ನಿಜವಾದಷ್ಟೂ ಅಲ್ಲಿ ಮೇಲೇರುವ ದಾರಿ ಕಿರಿದು. ಇಂದು ಆ ಸೂತ್ರಗಳಿಗಿಂತ ನಮ್ಮ ರಾಜ್ಯದಲ್ಲೇ ನಡೆದ ಒಂದು ಪಲ್ಲಟದ ಬಗ್ಗೆ ಮಾತನಾಡುತ್ತೇನೆ.

1951ರಲ್ಲಿ ಶಿವಮೊಗ್ಗ ಜಿಲ್ಲೆಯ ಕಾಗೋಡಿನ ಗೇಣಿದಾರರು, ಅಂದರೆ ಧಣಿಯ ಹೊಲ ಉತ್ತು ಬೆಳೆಯ ಪಾಲನ್ನು ಗೇಣಿಯಾಗಿ ಕೊಡುತ್ತಿದ್ದವರು, ಆ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರಕ್ಕಾಗಿ ಸತ್ಯಾಗ್ರಹ ಹೂಡಿ ಜೈಲು ಸೇರಿದ್ದರು. 1974ರ ಮಾರ್ಚ್ 1ರಂದು ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದಾಗ ಹೊಲವೇ ಅಂಥವರದಾಗುವ ಬಾಗಿಲು ತೆರೆಯಿತು. ಏಳನೇ ನಮೂನೆಯಲ್ಲಿ ಡಿಕ್ಲರೇಷನ್ ಕೊಟ್ಟು ಭೂನ್ಯಾಯ ಮಂಡಳಿಯ ಮುಂದೆ ಹಕ್ಕು ಕೇಳಬೇಕಿತ್ತು. ಅಲ್ಲಿ ವಕೀಲರು ಹಾಜರಾಗುವಂತಿಲ್ಲ ಎಂಬ ನಿಯಮ ಮೊದಲಿಗೆ ಇತ್ತು. ಓದುಬರಹ ಬಾರದ ಒಕ್ಕಲು ತನ್ನ ಧಣಿಯೆದುರು ನಿಂತು ಮಾತನಾಡಬೇಕಾದಲ್ಲಿ ಇದು ಸಣ್ಣ ವಿಷಯವಲ್ಲ.

ಕರಾವಳಿಯಲ್ಲೂ ಮಲೆನಾಡಿನಲ್ಲೂ ಆಮೇಲೆ ಏನಾಯಿತು? ಎರಡು ಮೂರು ಎಕರೆಯಿಂದ ಯಾರೂ ಶ್ರೀಮಂತರಾಗಲಿಲ್ಲ. ಆದರೆ ಗೇಣಿಯ ಭತ್ತ ಮನೆಯ ಕಣಜದಲ್ಲೇ ಉಳಿಯಿತು. ಪಹಣಿಯಲ್ಲಿ ಹೆಸರು ಬಂದದ್ದರಿಂದ ಸೊಸೈಟಿಯಲ್ಲಿ ಸಾಲ ಸಿಕ್ಕಿತು. ಒಕ್ಕಲೆಬ್ಬಿಸುವ ಭಯವಿಲ್ಲದವನು ಐದಾರು ವರ್ಷ ಕಾಯಬೇಕಾದ ಅಡಿಕೆ ಸಸಿಯನ್ನೂ ನೆಡಬಲ್ಲ. ಕಾಯುವ ಈ ಶಕ್ತಿಯೇ ಮುಂದಿನ ತಲೆಮಾರಿಗೆ ದಾಟಿದ ನಿಜವಾದ ಆಸ್ತಿ ಎಂದು ನಾನು ನಂಬಿದ್ದೇನೆ. ಎಸ್ಸೆಸ್ಸೆಲ್ಸಿಯಲ್ಲಿ ಒಮ್ಮೆ ನಪಾಸಾದ ಹುಡುಗ ಮತ್ತೆ ಪರೀಕ್ಷೆ ಕಟ್ಟಬಹುದಿತ್ತು. ಅವನು ಆ ವರ್ಷ ದುಡಿಯದಿದ್ದರೂ ಮನೆಯಲ್ಲಿ ಒಲೆ ಉರಿಯುತ್ತಿತ್ತು.

ಅದೇ ಗದ್ದೆಯಲ್ಲಿ ನಾಟಿ ಮಾಡಿ, ಕೊಯ್ಲು ಮಾಡಿ, ದಿನದ ಕೂಲಿ ಪಡೆದು ಹೋಗುತ್ತಿದ್ದವನಿಗೆ ಆ ಗದ್ದೆಯ ಮೇಲೆ ಏನೂ ಹುಟ್ಟಲಿಲ್ಲ. ಅವನು ಗೇಣಿದಾರನಲ್ಲ. ವಾಸವಿದ್ದ ಗುಡಿಸಲಿನ ಜಾಗ ಕೃಷಿ ಕಾರ್ಮಿಕನದಾಗಲು ಅದೇ ಕಾಯಿದೆ ಅವಕಾಶ ಕೊಟ್ಟಿತು. ಉಳುವ ನೆಲ ಕೊಡಲಿಲ್ಲ. ಹೀಗೆ ಕೈಬಿಟ್ಟುಹೋದವರಲ್ಲಿ ದಲಿತರೇ ಹೆಚ್ಚು. ಧಣಿಗೂ ಗೇಣಿದಾರನಿಗೂ ನಡುವಿನ ಅಂತರ ಕುಗ್ಗಿತು, ಗೇಣಿದಾರನಿಗೂ ಕೂಲಿಯವನಿಗೂ ನಡುವೆ ಹೊಸ ಅಂತರ ಬೆಳೆಯಿತು. ಹೆಣ್ಣುಮಕ್ಕಳ ಮಾತಂತೂ ಇನ್ನೂ ಕಠೋರ. ಪಿತ್ರಾರ್ಜಿತದಲ್ಲಿ ಹಿಂದೂ ಮನೆಯ ಮಗಳಿಗೆ ಸಮಪಾಲು ಕೊಡುವ ರಾಜ್ಯದ ತಿದ್ದುಪಡಿ ಬಂದದ್ದು 1994ರಲ್ಲಿ. ಆ ಮೊದಲೇ ಮದುವೆಯಾಗಿದ್ದವರನ್ನು ಅದೂ ಹೊರಗಿಟ್ಟಿತು.

ಕೂಲಿಯವನ ಮೊಮ್ಮಗನಿಗೆ ಮೇಲೆ ಬರಲು ಸಿಕ್ಕ ಮೆಟ್ಟಿಲು ಸರ್ಕಾರಿ ಹಾಸ್ಟೆಲ್. ಊಟ, ಮಲಗಲು ಜಾಗ, ದೀಪ: ಬೇರೆ ಮಕ್ಕಳಿಗೆ ಮನೆಯೇ ಕೊಡುವುದನ್ನು ಅದು ಕೊಟ್ಟಿತು. ಪದವಿಯ ಕೊನೆಯ ಪರೀಕ್ಷೆ ಮುಗಿಯುತ್ತಲೇ ಆ ಕೋಣೆ ಖಾಲಿ ಮಾಡಬೇಕು. ಗೇಣಿದಾರನ ಮೊಮ್ಮಗ ಆಗ ಮನೆಯ ಖರ್ಚಿನಲ್ಲಿ ಬೆಂಗಳೂರಿಗೋ ಧಾರವಾಡಕ್ಕೋ ಹೋಗಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾನೆ. ಇವನು ಅಷ್ಟೇ ಅಂಕ ತೆಗೆದಿದ್ದರೂ ಸಿಕ್ಕ ಕೆಲಸಕ್ಕೆ ಸೇರುತ್ತಾನೆ.

ಯುವನಿಧಿ ಯೋಜನೆ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯನ್ನು ಎರಡು ವರ್ಷದವರೆಗೆ ಕೊಡುತ್ತದೆ. ಆದರೆ ಕೆಲಸ ಸಿಗದೆ ಆರು ತಿಂಗಳು ಕಳೆದ ಮೇಲೆ. ಬಡವರ ಮಕ್ಕಳು ಕೈಚೆಲ್ಲುವುದು ಆ ಆರು ತಿಂಗಳಲ್ಲಿಯೇ. ಹಾಸ್ಟೆಲಿನ ಕೋಣೆಯನ್ನು ಭೂರಹಿತರ ಮಕ್ಕಳಿಗೆ ಪದವಿಯ ನಂತರವೂ ಒಂದು ವರ್ಷ ಉಳಿಸಬೇಕು, ಭತ್ಯೆ ಫಲಿತಾಂಶ ಬಂದ ತಿಂಗಳಿಂದಲೇ ಆರಂಭವಾಗಬೇಕು. ನಾನು ಸರ್ಕಾರವನ್ನು ಕೇಳುತ್ತಿರುವುದು ಇಷ್ಟನ್ನೇ.