ಉರಿಮೂತ್ರಕ್ಕೆ ಹುಳಿ ಚಹಾ ಮದ್ದಾದೀತೆ?

ನಮಸ್ಕಾರ. ನಿಮಗೀಗ ಕಾಣುತ್ತಿರುವ ಗಾಜಿನ ಭರಣಿಯಲ್ಲಿರುವುದು ಕೊಂಬುಚಾ. ಸಕ್ಕರೆ ಹಾಕಿದ ಕರಿ ಚಹಾ ಆರಿದ ಮೇಲೆ ಅದರಲ್ಲಿ ಲೋಳೆಯಂಥ ಜೀವಂತ ಪದರವೊಂದನ್ನು ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿ, ಒಂದೆರಡು ವಾರ ಇಟ್ಟರೆ ಇದು ಸಿದ್ಧವಾಗುತ್ತದೆ. ವಿಜಯಪುರದಲ್ಲಿ ನನ್ನ ಪರಿಚಯದ ಕೆಲವು ಹೆಣ್ಣುಮಕ್ಕಳು ಇದನ್ನು ಉರಿಮೂತ್ರಕ್ಕೆ ಮದ್ದೆಂದು ಕುಡಿಯುತ್ತಿದ್ದಾರೆ. ಅಂಬಲಿ, ಮಜ್ಜಿಗೆ ಕುಡಿದು ಬೆಳೆದ ನಮಗೆ ಹುಳಿ ಬಂದದ್ದರ ಮೇಲೆ ನಂಬಿಕೆ ಬೇಗ ಹುಟ್ಟುತ್ತದೆ, ಅದು ಸಹಜ.

ಭರಣಿಯೊಳಗೆ ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ, ಬ್ಯಾಕ್ಟೀರಿಯಾ ಅದನ್ನು ಅಸಿಟಿಕ್ ಆಮ್ಲವಾಗಿಸುತ್ತವೆ. ಆ ಹುಳಿ ಭರಣಿಯಲ್ಲಿ ಅನೇಕ ರೋಗಾಣುಗಳನ್ನು ತಡೆಯುವುದು ನಿಜ. ಆದರೆ ನಾವು ಕುಡಿದ ಅಸಿಟಿಕ್ ಆಮ್ಲವನ್ನು ದೇಹವು ಆಹಾರದಂತೆ ಉರಿಸಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿಸುವುದರಿಂದ, ಮೂತ್ರಕೋಶದ ಗೋಡೆಗೆ ಅಂಟಿಕೊಂಡು ಸಾಮಾನ್ಯವಾಗಿ ಈ ಉರಿಗೆ ಕಾರಣವಾಗುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾವನ್ನು ಕೊಲ್ಲಲು ಆ ಹುಳಿ ಅಲ್ಲಿಯವರೆಗೆ ತಲುಪುವುದಿಲ್ಲ. ಚಹಾದಲ್ಲಿ ಉಳಿದ ಕೆಫೀನ್ ಕೆಲವರಿಗೆ ಮೂತ್ರದ ಅವಸರವನ್ನು ಹೆಚ್ಚಿಸಲೂಬಹುದು. ಗರ್ಭಿಣಿಯರಂತೂ ಮನೆಯಲ್ಲಿ ಮಾಡಿದ ಕೊಂಬುಚಾ ಕುಡಿಯಬಾರದು.

ಹಾಗಾದರೆ ಕುಡಿದವರಿಗೆ ಹಗುರವೆನಿಸುವುದೇಕೆ? ಸೌಮ್ಯ ಸೋಂಕು ಕೆಲವೊಮ್ಮೆ ತಾನಾಗಿಯೇ ಇಳಿಯುತ್ತದೆ. ಜೊತೆಗೆ, ಹೊಟ್ಟೆಗೆ ನೀರಿನಂಶ ಹೋಗಿರುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದೇಪದೇ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರ ಪೈಕಿ ಅರ್ಧದಷ್ಟು ಜನರಿಗೆ ದಿನಕ್ಕೆ 1.5 ಲೀಟರ್ ನೀರನ್ನು ಹೆಚ್ಚಾಗಿ ಕುಡಿಸಿದಾಗ, ವರ್ಷದಲ್ಲಿ ಅವರಿಗೆ ಬಂದ ಸೋಂಕು ಉಳಿದವರಿಗಿಂತ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು.

ನೀರು ಕುಡಿಯಿರಿ ಎಂದು ಹೇಳುವುದು ಸುಲಭ. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ, ಜೋಳದ ಹೊಲಗಳಲ್ಲಿ ದುಡಿಯುವ ಹೆಣ್ಣುಮಗಳು, ಸುತ್ತ ಮರೆಯಿಲ್ಲವೆಂಬ ಒಂದೇ ಕಾರಣಕ್ಕೆ ಸುಡುಬಿಸಿಲಲ್ಲೂ ಬಾಯಾರಿಕೆ ತಡೆದು, ಸಂಜೆಯವರೆಗೆ ಮೂತ್ರ ಕಟ್ಟಿಕೊಂಡಿರುತ್ತಾಳೆ. ತೋಟದ ಮಾಲೀಕರು ಒಂದು ಶೌಚಾಲಯ ಕಟ್ಟಿಸಿದರೆ ಅದು ಯಾವ ಭರಣಿಗಿಂತಲೂ ದೊಡ್ಡ ಮದ್ದು ಎಂದು ನಾನು ದೃಢವಾಗಿ ನಂಬುತ್ತೇನೆ.

ಉರಿಯ ಜೊತೆಗೆ ಚಳಿಜ್ವರ, ಪಕ್ಕೆನೋವು, ವಾಂತಿ ಕಂಡರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಅಂದೇ ವೈದ್ಯರ ಬಳಿ ಹೋಗಬೇಕು. ಯಾರದೋ ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಗುಳಿಗೆಯನ್ನು ನುಂಗಬೇಡಿ. ವೈದ್ಯರು ಮೂತ್ರದ ಕಲ್ಚರ್ ಪರೀಕ್ಷೆ (ಮೂತ್ರದಲ್ಲಿನ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಹೇಳಿದರೆ, ಔಷಧದ ಮೊದಲ ಗುಳಿಗೆಗೂ ಮುನ್ನ, ಮೊದಲ ಧಾರೆಯನ್ನು ಬಿಟ್ಟು ನಡುವಿನ ಧಾರೆಯನ್ನು ಶುದ್ಧ ಡಬ್ಬಿಯಲ್ಲಿ ಹಿಡಿದು, ತಡಮಾಡದೆ ಲ್ಯಾಬ್‌ಗೆ ತಲುಪಿಸಿ.